ಸಾರ್ಜೆಂಟರು ಮಾಡಿದ ಫೋನು

ಆ ಬೀದಿಯಲ್ಲಿ ಯಾರಿಗೆ ಯಾವ ಕಚೇರಿಯಲ್ಲಿ ಕೆಲಸ ಆಗಬೇಕಿದ್ದರೂ ಮೊದಲು ಸಾರ್ಜೆಂಟರ ಬಾಗಿಲು ತಟ್ಟುತ್ತಿದ್ದರು. ಕೆಲಸ ಆಗುತ್ತಿತ್ತೋ ಬಿಡುತ್ತಿತ್ತೋ, ಆ ಮಾತು ಬೇರೆ. ಸಾರ್ಜೆಂಟರು ಮುಂದಿನ ಕೋಣೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, "ಒಂದು ಫೋನ್ ಹಾಕ್ತೀನಿ ಬಿಡಿ," ಅನ್ನುತ್ತಿದ್ದರು. ಬಂದವರು ಅರ್ಧ ಕೆಲಸ ಆದ ಹಾಗೇ ಸಮಾಧಾನದಿಂದ ಎದ್ದು ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಫಿರಂಗಿ ಹಾರಿಸಿ ನಿವೃತ್ತರಾದ ಮನುಷ್ಯ. ಆ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ಹಾಗಾಗಿ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಅತ್ತ ಕಡೆಯವರು ಕೆಮ್ಮಿದರೂ ಪಕ್ಕದ ಮನೆಗೆ ಕೇಳುತ್ತಿತ್ತು.

ಅವರ ಹೆಂಡತಿ ಟೈಲರಮ್ಮ. ಅದೇ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಬೀದಿಯವರ ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಶಾಲೆ ಮಕ್ಕಳ ಅಂಗಿಗೆ ಗುಂಡಿ ಹಚ್ಚುವುದು, ಹೀಗೆ ಮೂವತ್ತೈದು ವರ್ಷ ಕಳೆದಿದ್ದಳು. ಗಂಡನ ಬಡಾಯಿಯನ್ನೂ ಅಷ್ಟೇ ವರ್ಷ ಕೇಳಿದ್ದಳು. ಅದರಲ್ಲಿ ಇದ್ದದ್ದೆಷ್ಟು, ಸೇರಿಸಿದ್ದೆಷ್ಟು ಎಂದು ಅಳೆಯುವುದು ಅವಳಿಗೆ ಬಟ್ಟೆ ಅಳೆದಷ್ಟೇ ಸಲೀಸು. ಆದರೂ ನಾಲ್ಕು ಜನರ ಮುಂದೆ ಒಂದು ದಿನವೂ ಅವರ ಮಾತನ್ನು ಕತ್ತರಿಸಿದವಳಲ್ಲ.

ಮಗನೂ ಸೈನ್ಯದಲ್ಲೇ ಇದ್ದ, ಲಾರಿ ಡ್ರೈವರಾಗಿ. ಹದಿನಾಲ್ಕು ವರ್ಷ ಮೂರು ತಿಂಗಳ ಸೇವೆ ಆಗಿತ್ತು. ಹದಿನೈದು ತುಂಬಿದರೆ ಪಿಂಚಣಿ. ಇನ್ನೊಂಬತ್ತು ತಿಂಗಳು ಕಣ್ಣುಮುಚ್ಚಿಕೊಂಡು ಕಳೆದರೆ ಆಯಿತು ಅಂದುಕೊಂಡಿದ್ದರು ಮನೆಯವರೆಲ್ಲ.

ಅಂಥ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಸೊಸೆ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಬಂದಳು. ಅವಳು ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಬೆಳಿಗ್ಗೆ ಐದಕ್ಕೆ ಹೋಗಿ ಎರಡಕ್ಕೆ ಬರುವವಳು. ಬರುವಾಗ ಮೂಲೆ ಮುರಿದ ಬ್ರೆಡ್ಡನ್ನು ಕಡಿಮೆ ಬೆಲೆಗೆ ತರುತ್ತಿದ್ದಳು. ಮಾವನಿಗೆ ಬೆಳಿಗ್ಗೆ ಸುಟ್ಟ ಬ್ರೆಡ್ಡಿಲ್ಲದಿದ್ದರೆ ಚಹಾ ಇಳಿಯುತ್ತಿರಲಿಲ್ಲ. ಅವತ್ತು ಚೀಲವನ್ನು ಮೇಜಿನ ಮೇಲೆ ಕುಕ್ಕಿ, ಚಪ್ಪಲಿಯನ್ನೂ ಬಿಡದೆ ಓದಿದಳು.

"'ಮಂಜೂರಾದ ರಜೆ ಮುಗಿದ ಮೇಲೆ ಹತ್ತೊಂಬತ್ತು ದಿನ ಅನುಮತಿ ಇಲ್ಲದೆ ಗೈರುಹಾಜರು. ತುಕಡಿ ಗಡಿಗೆ ಹೊರಟ ದಿನ ಕರ್ತವ್ಯದಲ್ಲಿ ಇಲ್ಲ.' ಇವರು ಫೋಟೊ ತೆಗೆದು ಕಳ್ಸಿದ್ರು, ಅಂಗಡೀಲಿ ಪ್ರಿಂಟ್ ಹಾಕಿಸ್ಕೊಂಡು ಬಂದೆ. ಸೈನ್ಯದ ಕೋರ್ಟಿಗೇ ಹಾಕಿದ್ದಾರೆ ಅತ್ತೆ. ವಜಾ ಮಾಡಿದ್ರೆ ಪಿಂಚಣಿ ಒಂದು ಕಾಸೂ ಬರಲ್ಲ."

"ಅದು ಹ್ಯಾಗೆ ಹಾಕ್ತಾರೆ?" ಸಾರ್ಜೆಂಟರು ತಟ್ಟೆ ದೂಡಿದರು. "ಇಪ್ಪತ್ತು ದಿನ ಹೆಚ್ಚಿಗೆ ಮಂಜೂರು ಮಾಡ್ಸಿದ್ದು ನಾನು!"

"ಯಾರೂ ಫೋನೇ ಮಾಡಿಲ್ಲ ಅಂತ ಹೆಡ್ ಕ್ಲರ್ಕು ಬರ್ಕೊಟ್ಟಿದ್ದಾನಂತೆ ಮಾವ."

"ಸುಳ್ಳು! ಮೇಲಿನವರಿಗೆ ಹೆದರಿ ಉಲ್ಟಾ ಹೊಡೆದಿದ್ದಾನೆ, ಕಳ್ಳ!"

ಟೈಲರಮ್ಮ ಬಡಿಸುತ್ತಿದ್ದ ಸೌಟು ಪಾತ್ರೆಯಲ್ಲೇ ಉಳಿಯಿತು.

ಎರಡು ತಿಂಗಳ ಹಿಂದೆ ಅವಳಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಅದಕ್ಕೆಂದೇ ಮಗ ಒಂದು ತಿಂಗಳು ರಜೆ ಹಾಕಿ ಬಂದಿದ್ದ. ಆಪರೇಷನ್ನೇನೋ ಆಯಿತು, ಆಮೇಲೆ ಕೀವು ತುಂಬಿತು. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದರು. ಮಗನ ರಜೆ ಮುಗಿಯುವ ಹಿಂದಿನ ಸಂಜೆ ಅವನು ಬ್ಯಾಗು ತುಂಬಿ ಮಂಚದ ಪಕ್ಕ ಬಂದು ಕೂತ. ಆಗ ಸಾರ್ಜೆಂಟರು, "ಎಲ್ಲಿಗೋ ಹೊರಟೆ? ನಿಮ್ಮ ಹೆಡ್ ಕ್ಲರ್ಕು ನಮ್ಮೋನೇ. ಒಂದು ಫೋನ್ ಹಾಕ್ತೀನಿ," ಅಂದರು. ಬಾಗಿಲ ಹತ್ತಿರ ನಿಂತು ಮಾತಾಡಿದರು. "ಹಲೋ, ಹೆಡ್ ಕ್ಲರ್ಕ್ ಸಾಹೇಬ್ರಾ? ನಾನೇ... ಹೂಂ... ಹೌದೌದು... ಬಹಳ ಉಪಕಾರ ಆಯ್ತು..." ಆಮೇಲೆ ಗಟ್ಟಿಯಾಗಿ, "ಇಪ್ಪತ್ತು ದಿನ ಮಂಜೂರು ಕಣೋ!" ಅಂತ ಸಾರಿದರು.

ಕಣ್ಣು ಕಟ್ಟಿತ್ತು, ಕಿವಿ ಚೆನ್ನಾಗೇ ಇತ್ತು. ಕೋಣೆಯಲ್ಲಿ ಕೇಳಿದ್ದು ಗಂಡನ ದನಿ ಒಂದೇ. ರಿಂಗಾದ ಸದ್ದಿಲ್ಲ, ಅತ್ತ ಕಡೆಯ ಹಲೋ ಇಲ್ಲ. ಎದುರಿಗೆ ಕೂತವರ ಮಾತೇ ಕೇಳದ ಮನುಷ್ಯ ಸ್ಪೀಕರ್ ಇಲ್ಲದೆ ಹೂಂಗುಟ್ಟುತ್ತಿರುವುದು ಯಾರ ಮಾತಿಗೂ ಅಲ್ಲ ಎಂದು ಟೈಲರಮ್ಮನಿಗೆ ಆ ಕ್ಷಣವೇ ಗೊತ್ತಾಗಿತ್ತು. ಮಗನಿಗೆ ಗೊತ್ತಾಗಲಿಲ್ಲ. ಹದಿನಾಲ್ಕು ವರ್ಷ ಮನೆಯಿಂದ ದೂರ ಇದ್ದವನಿಗೆ ಅಪ್ಪನ ಕಿವಿ ಈಚೆಗೆ ಎಷ್ಟು ಕೆಟ್ಟಿದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ.

ಅದನ್ನು ಅವಳು ಅವತ್ತೂ ಹೇಳಲಿಲ್ಲ, ಈ ಕಾಗದ ಬಂದ ದಿನವೂ ಹೇಳಲಿಲ್ಲ.

ಮರುದಿನ ಮೂವರೂ ವಕೀಲರ ಹತ್ತಿರ ಹೋದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ. ಅದರ ತುಂಬ ದಾರ ಕಟ್ಟಿದ ಕಡತಗಳು. ವಕೀಲರು ಹೆಂಗಸು, ಹದಿನೆಂಟು ವರ್ಷ ಸೈನ್ಯದ ಕಾನೂನು ವಿಭಾಗದಲ್ಲಿದ್ದು ಮೇಜರ್ ಆಗಿದ್ದವರು. ಈಗ ಹೊರಗೆ ಬಂದು ಸಿಪಾಯಿಗಳ ಪರ ನಿಲ್ಲುತ್ತಿದ್ದರು. ಎಲ್ಲರೂ ಮೇಜರ್ ಮೇಡಂ ಅನ್ನುತ್ತಿದ್ದರು. ಕಡಲೆಬೀಜ ಬಾಯಿಗೆ ಹಾಕಿಕೊಳ್ಳುತ್ತಲೇ ಕಾಗದ ಪೂರ್ತಿ ಓದಿ ಮುಗಿಸಿದರು.

"ನಿನ್ನೆ ನಿಮ್ಮ ಸೊಸೆ ಫೋನ್ ಮಾಡಿದ ಮೇಲೆ ನಿಮ್ಮ ಮಗನ ಹತ್ತಿರ ಫೋನಲ್ಲಿ ಮಾತಾಡ್ದೆ. ಬೇಕಂತಲೇ ನಿಂತೆ, ತಪ್ಪು ಒಪ್ಕೋತೀನಿ ಅಂತಾನೆ. ಮನೇವರ ಹೆಸರು ಎತ್ತಬೇಡಿ ಅಂತಾನೆ. ಅವನ ಹಳೇ ದಾಖಲೇಲಿ ಎರಡು ಕೆಂಪು ಗುರುತು ಬೇರೆ ಇದೆ, ಎರಡೂ ಗಾಡಿ ಜೋರಾಗಿ ಓಡಿಸಿದ್ದಕ್ಕೆ. ಇದೂ ಸೇರಿದ್ರೆ ಮನೆಗೆ ಕಳಿಸೋದು ಖಂಡಿತ."

"ಬೇಕಂತ ನಿಂತಿಲ್ಲ ಮೇಡಂ!" ಸೊಸೆ ಎದ್ದೇ ನಿಂತಳು. "ನಮ್ಮ ಮಾವ ಫೋನ್ ಮಾಡಿ ರಜೆ ಮುಂದುವರಿಸಿದ್ರು. ಇಪ್ಪತ್ತು ದಿನ ಅಂದ್ರು. ಇವರು ಹತ್ತೊಂಬತ್ತನೇ ದಿನಕ್ಕೇ ಹೋಗಿ ಗೇಟಲ್ಲಿ ನಿಂತಿದ್ದಾರೆ. ಕಾವಲಿನವರಿಗೆ ಬಿಸ್ಕತ್ತು ಬೇರೆ ಹಂಚಿದ್ದಾರೆ!"

ಮೇಜರ್ ಮೇಡಂ ಕಡಲೆಬೀಜದ ಪೊಟ್ಟಣ ಪಕ್ಕಕ್ಕಿಟ್ಟರು. "ಒಂದು ದಿನ ಮೊದಲೇ ಹೋದ್ನಾ? ಇದನ್ನ ಅವನು ನನಗೆ ಹೇಳೇ ಇಲ್ಲ." ಪೆನ್ನು ತೆಗೆದುಕೊಂಡರು. "ನೋಡಿ, ರಜೆ ಮೀರಿ ನಿಂತಿದ್ದು ನಿಜ, ಅದನ್ನ ಇಲ್ಲ ಅನ್ನೋಕಾಗಲ್ಲ. ಆದ್ರೆ ರಜೆ ಇದೆ ಅಂತ ನಂಬಿ ನಿಂತ್ನಾ, ತಿಳಿದೂ ತಿಳಿದೂ ನಿಂತ್ನಾ, ಕೇಸಿರೋದೇ ಅಷ್ಟರಲ್ಲಿ. ನಂಬಿದ್ದ ಅಂತ ತೋರಿಸಿದ್ರೆ ಕೆಲಸ ಉಳಿಯುತ್ತೆ. ಯಜಮಾನ್ರೇ, ನಿಮ್ಮ ಫೋನ್ ಕಂಪನಿಗೆ ಒಂದು ಅರ್ಜಿ ಹಾಕೋಣ. ಆ ದಿನ ಯಾರ್ಯಾರಿಗೆ ಫೋನ್ ಹೋಗಿದೆ ಅಂತ ಪಟ್ಟಿ ಕೊಡ್ತಾರೆ. ಇಲ್ಲೊಂದು ಸಹಿ ಹಾಕಿ."

ಸಾರ್ಜೆಂಟರಿಗೆ ಕೇಳಿಸಿತೋ ಇಲ್ಲವೋ. ಸೊಸೆ ಅವರ ಕಿವಿಯ ಹತ್ತಿರ ಮತ್ತೆ ಹೇಳಿದಳು.

"ಅರ್ಜಿ ಯಾಕೆ? ನನ್ನ ಮಾತು ಸಾಲದಾ?"

"ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದೋರಿಗೆ ನಾನು ಹೇಳಬೇಕಾ ಸಾರ್ಜೆಂಟ್? ಅಲ್ಲಿ ನಡೆಯೋದು ಕಾಗದ."

"ಕನ್ನಡಕ ತಂದಿಲ್ಲ. ಮನೇಲಿ ನೋಡಿ ಹಾಕ್ತೀನಿ," ಎಂದು ಸಾರ್ಜೆಂಟರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಕನ್ನಡಕ ಅದೇ ಜೇಬಿನಲ್ಲಿತ್ತು.

ಒಂದು ವಾರ ಕಳೆಯಿತು. ಅರ್ಜಿ ಜೇಬಿನಿಂದ ಕಪಾಟಿಗೆ ಹೋಯಿತು, ಕಪಾಟಿನಿಂದ ದಿಂಬಿನ ಕೆಳಗೆ ಹೋಯಿತು. ಸೊಸೆ ದಿನಾ ಊಟಕ್ಕೆ ಕೂತಾಗ ಕೇಳುತ್ತಿದ್ದಳು. ಮೊದಮೊದಲು ನಯವಾಗಿಯೇ ಕೇಳಿದಳು.

"ಮಾವ, ಸಹಿ?"

"ಬೇಳೆಗೆ ಉಪ್ಪಿಲ್ಲ."

"ಉಪ್ಪು ಕೊಡ್ತೀನಿ, ಸಹಿ ಕೊಡಿ."

"ನೋಡಮ್ಮಾ, ಹೆಡ್ ಕ್ಲರ್ಕನ ಹೆಸರು ಕೋರ್ಟಿಗೆ ಎಳೆದ್ರೆ ನಾಳೆ ಯಾರ ಕೆಲಸಾನೂ ಮಾಡ್ಕೊಡಲ್ಲ ಅವನು. ನನಗೂ ಒಂದು ಮರ್ಯಾದೆ ಇದೆ."

"ನಿಮ್ಮ ಮರ್ಯಾದೆ ಬೇಯಿಸಿ ತಿನ್ನೋಕಾಗುತ್ತಾ ಮಾವ? ನನ್ನ ಗಂಡನ ಹದಿನಾಲ್ಕು ವರ್ಷ ನೀರಲ್ಲಿ ಹೋಗ್ತಿದೆ!"

"ಧ್ವನಿ ಇಳಿಸಿ ಮಾತಾಡು!"

"ಇಳಿಸಿದ್ರೆ ನಿಮಗೆ ಕೇಳ್ಸಲ್ವಲ್ಲ!"

ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿ ಆಲೂಗಡ್ಡೆ ಕಡಿಯುತ್ತ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. "ತಾತಾ, ಸಹಿ ಹಾಕೋದು ಮರೆತುಹೋಗಿದ್ರೆ ನಾನು ಹೇಳ್ಕೊಡ್ತೀನಿ," ಅಂದಳು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಅವತ್ತು ತಾತ ಎದ್ದು ಕೈ ತೊಳೆದುಬಿಟ್ಟರು.

ಎರಡನೇ ವಾರ ಸೊಸೆ ಬ್ರೆಡ್ಡು ತರುವುದನ್ನು ನಿಲ್ಲಿಸಿದಳು. ಸಾರ್ಜೆಂಟರು ಬೆಳಿಗ್ಗೆ ಡಬ್ಬಿ ತೆಗೆದು ನೋಡಿ, ಮುಚ್ಚಿ, ಬರೀ ಚಹಾ ಕುಡಿದರು. ಮೂರನೇ ವಾರ ಮಾವನ ಬಟ್ಟೆ ಒಗೆಯುವುದನ್ನು ಬಿಟ್ಟಳು. ಮಾವ ಎದುರು ಬಂದರೆ ಗೋಡೆಗೆ ಹೇಳುವಂತೆ, "ಕೆಲವರಿಗೆ ಮಗನಿಗಿಂತ ಮೀಸೆ ಹೆಚ್ಚು," ಅನ್ನುತ್ತಿದ್ದಳು. ಸಾರ್ಜೆಂಟರು ತಮ್ಮ ಅಂಗಿಯನ್ನು ತಾವೇ ಒಗೆದು ಒಣಗಹಾಕುತ್ತಿದ್ದರು. ಆದರೂ ಬೀದಿಯವರು ಬಂದು ಮಗನ ವಿಷಯ ಕೇಳಿದಾಗ, "ಹೆಡ್ ಕ್ಲರ್ಕು ದುಡ್ಡು ತಿಂದು ತಿರುಗಿಬಿದ್ದಿದ್ದಾನೆ," ಎಂದು ಹೇಳುವುದನ್ನು ಮಾತ್ರ ಬಿಡಲಿಲ್ಲ. ಹೇಳಿ ಹೇಳಿ ಅದು ಅವರಿಗೇ ನಿಜ ಅನ್ನಿಸತೊಡಗಿತ್ತೋ ಏನೋ.

ಟೈಲರಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಮೆಷಿನ್ನಿನ ಮುಂದೆ ಕೂತಿರುತ್ತಿದ್ದಳು. ಸೊಸೆ ಪರವಾಗಿ ಮಾತಾಡಲು ಧೈರ್ಯ ಸಾಲುತ್ತಿರಲಿಲ್ಲ. ಗಂಡನ ಪರವಾಗಿ ಮಾತಾಡಲು ಮನಸ್ಸು ಬರುತ್ತಿರಲಿಲ್ಲ. ಒಂದು ದಿನ ಯಾರದೋ ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟಳು. ಮೂವತ್ತೈದು ವರ್ಷದಲ್ಲಿ ಹಾಗೆ ಆಗಿರಲಿಲ್ಲ.

ಭಾನುವಾರ ಮಗನಿಗೆ ಹತ್ತು ನಿಮಿಷ ಫೋನಿನ ಅವಕಾಶ ಇತ್ತು. ಸೊಸೆಯ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರೂ ಸುತ್ತ ಕೂರುತ್ತಿದ್ದರು.

"ರೀ, ಮೇಡಂಗೆ ಎಲ್ಲ ಹೇಳಿ. ಮಾವ ಫೋನ್ ಮಾಡಿದ್ರು ಅಂತ ಹೇಳಿ," ಅಂದಳು ಸೊಸೆ.

"ಅದೆಲ್ಲ ಬೇಡ ಕಣೇ. ನಿಂತಿದ್ದು ನಾನು, ನಾನೇ ಅನುಭವಿಸ್ತೀನಿ."

"ಅನುಭವಿಸೋದು ನೀವೊಬ್ರೇನಾ? ನಾನು, ಪುಟ್ಟಿ ಇಲ್ವಾ?"

ಮಗ ಮಾತು ತಿರುಗಿಸಿದ. "ಅಮ್ಮ ಇದ್ದಾಳಾ? ಅಮ್ಮಾ, ಕಣ್ಣಿಗೆ ಔಷಧಿ ಹಾಕ್ಕೋತಿದ್ದೀಯಾ?" ಅಂದ.

"ಹಾಕ್ಕೋತಿದ್ದೀನಿ ಮಗಾ," ಅಂದಳು ಟೈಲರಮ್ಮ. ಇನ್ನೇನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಫೋನು ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಅಳುವ ಸದ್ದು ಕೇಳಿತು.

ಐದನೇ ವಾರ ಒಂದು ಬೆಳಿಗ್ಗೆ, ಸೊಸೆ ಕಾರ್ಖಾನೆಯಲ್ಲಿ, ಪುಟ್ಟಿ ಶಾಲೆಯಲ್ಲಿ ಇದ್ದಾಗ, ಟೈಲರಮ್ಮ ಮೆಷಿನ್ನು ನಿಲ್ಲಿಸಿ ಗಂಡನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಅವರಿಗೆ ಕೇಳುವಷ್ಟು ಜೋರಾಗಿ, ಆದರೆ ಬೀದಿಗೆ ಕೇಳದಷ್ಟು ಮೆಲ್ಲಗೆ ಮಾತಾಡುವ ಲೆಕ್ಕ ಅವಳೊಬ್ಬಳಿಗೇ ಗೊತ್ತಿತ್ತು.

"ರೀ, ಸಹಿ ಹಾಕಿಬಿಡಿ."

"ನೀನೂ ಶುರು ಮಾಡಿದ್ಯಾ?"

"ಪಟ್ಟೀಲಿ ಏನೂ ಇರಲ್ಲ, ಅದು ನನಗೆ ಗೊತ್ತು. ನೀವು ನಂಬರೇ ಒತ್ತಲಿಲ್ಲ ಅವತ್ತು."

ಸಾರ್ಜೆಂಟರ ಕೈ ಮೀಸೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಕೇಳಿಸಲಿಲ್ಲ ಎಂದು ನಟಿಸಬಹುದಿತ್ತು. ಆ ದಾರಿ ಅವರಿಗೆ ಯಾವಾಗಲೂ ತೆರೆದೇ ಇರುತ್ತಿತ್ತು. ಅವತ್ತು ನಟಿಸಲಿಲ್ಲ.

"ಮಾಡೋಣ ಅಂತಲೇ ಎತ್ಕೊಂಡೆ ಕಣೇ," ಅಂದರು. "ಅವನನ್ನ ಕೆಲಸಕ್ಕೆ ಬಿಡೋಕೆ ಹೋದಾಗ ಆ ಹೆಡ್ ಕ್ಲರ್ಕು ಒಂದು ಲೋಟ ಚಹಾ ಕುಡಿಸಿದ್ದ. ಅಷ್ಟೇ ಪರಿಚಯ. ಆಮೇಲೆ ಯಾರದೋ ಕೆಲಸಕ್ಕೆ ಎರಡು ಸಲ ಫೋನ್ ಮಾಡಿದ್ದೆ. ಎರಡನೇ ಸಲ, 'ಹೀಗೆಲ್ಲ ಫೋನ್ ಮಾಡಬೇಡಿ ಯಜಮಾನ್ರೇ, ನಮಗೂ ಕೆಲಸ ಇರುತ್ತೆ' ಅಂದ. ಅವತ್ತು ಮಗ ನೋಡ್ತಾ ಇದ್ದ. ಮತ್ತೆ ಹಾಗೇ ಅಂದ್ಬಿಟ್ರೆ? ಸ್ಪೀಕರಲ್ಲಿ? ಅವನ ಮುಂದೆ?" ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಮರುದಿನ ಕಾಗದ ಬರೆದು ಸರಿ ಮಾಡೋಣ ಅಂದ್ಕೊಂಡೆ. ಬರೆಯೋಕೆ ಕೂತೆ. ಏನಂತ ಬರೀಲಿ?"

"ಅದಕ್ಕೆ ಮಗನ ಅನ್ನಕ್ಕೆ ಕಲ್ಲು ಹಾಕಿದ್ರಾ?"

"ನಾನೊಬ್ಬನೇ ಹಾಕಿದ್ನಾ?" ಸಾರ್ಜೆಂಟರು ತಲೆ ಎತ್ತಿದರು. "ನಿನಗೆ ಗೊತ್ತಿತ್ತಲ್ಲ. ನಾನು ಫೋನ್ ಜೇಬಿಗಿಟ್ಟ ತಕ್ಷಣ ಅವನು ನಿನ್ನ ಕೇಳಿದ. ಅಮ್ಮಾ, ನಿಜಾನಾ, ನಿಂತ್ಕೊಳ್ಳಲಾ ಅಂತ. ನನ್ನ ಕಿವಿ ಹೋಗಿರಬಹುದು, ಅವನ ತುಟಿ ಕಾಣಿಸ್ತಿತ್ತು. ನೀನು ಏನಂದೆ? ತಲೆ ಆಡಿಸ್ದೆ. ನಂದು ಸುಳ್ಳಾದ್ರೆ ನಿಂದೇನು?"

ಟೈಲರಮ್ಮನ ಮುಖಕ್ಕೆ ಹೊಡೆದ ಹಾಗಾಯಿತು. ಹೌದು, ಕೇಳಿದ್ದ. ಹೂಂ ಅಂದಿದ್ದಳು. ಬರೀ ಹೂಂ ಅಲ್ಲ, "ಹೂಂ ಮಗಾ, ನಿಂತ್ಕೋ," ಅಂದಿದ್ದಳು. ಆ ಮಾತನ್ನು ಐದು ವಾರದಿಂದ ತನಗೆ ತಾನೇ ಹೇಳಿಕೊಳ್ಳದೆ ತಪ್ಪಿಸಿಕೊಂಡು ಓಡಾಡಿದ್ದಳು. ಮೆಷಿನ್ನಿಗೆ ಹೋಗಿ ಕೂತಳು. ಹೊಲಿಯಲು ಆಗಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಒಬ್ಬಳೇ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋದಳು. ಎಲ್ಲ ಹೇಳಿದಳು. ಮೇಜರ್ ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಬರೆದುಕೊಂಡರು.

"ಅರ್ಜಿ ಸಹಿಗೆ ಅವರು ಯಾಕೆ ಹಿಂದೇಟು ಹಾಕಿದ್ರು ಅಂತ ಈಗ ಗೊತ್ತಾಯ್ತು. ನನಗೆ ಆ ಫೋನೇ ಬೇಕಾಗಿಲ್ಲಮ್ಮ. ಫೋನ್ ಆಗಿಲ್ಲ ಅಂದ್ರೂ ಮಗ ನಂಬಿದ್ದು ನಂಬಿದ್ದೇ. ಆದ್ರೆ ಅದನ್ನ ಯಾರಾದ್ರೂ ಬಾಯಿಬಿಟ್ಟು ಹೇಳಬೇಕು. ನಿಮ್ಮ ಯಜಮಾನ್ರು ಹೇಳ್ತಾರಾ?"

"ಸತ್ರೂ ಹೇಳಲ್ಲ. ನಾನು ಹೇಳ್ತೀನಿ."

"ಐದು ಜನ ಅಧಿಕಾರಿಗಳ ಮುಂದೆ. ಯಜಮಾನ್ರು, ಮಗ, ಸೊಸೆ ಎಲ್ಲ ಕೂತಿರ್ತಾರೆ. ನನ್ನ ಪ್ರಶ್ನೆ ಆದ್ಮೇಲೆ ಎದುರು ಕಡೆಯ ಅಧಿಕಾರಿ ಕೇಳ್ತಾನೆ. ಅವನು ನಿಮ್ಮನ್ನ ಸುಲಿದು ಹಾಕ್ತಾನೆ. ನೀವು ಹೂಂ ಅಂದಿದ್ದೂ ಹೊರಗೆ ಬರುತ್ತೆ."

"ಬರ್ಲಿ."

"ಮನೇಲಿ ಮೊದಲೇ ಹೇಳಿ."

ಹೇಳಬೇಕೆಂದೇ ಬಂದಳು. ಸೊಸೆ ಪುಟ್ಟಿಗೆ ಊಟ ಬಡಿಸುತ್ತ, "ಅತ್ತೆ, ನೀವೊಬ್ರು ಇಲ್ಲದಿದ್ರೆ ಈ ಮನೇಲಿ ನನಗೆ ಉಸಿರು ಕಟ್ತಿತ್ತು," ಅಂದುಬಿಟ್ಟಳು. ಆಮೇಲೆ ಬಾಯಿ ಬರಲಿಲ್ಲ. ಇನ್ನೂ ಎರಡು ವಾರ ಹಾಗೇ ದೂಡಿದಳು. ಗಂಡನಿಗೆ ಮಾತ್ರ ಹೇಳಿದಳು. ಸಾರ್ಜೆಂಟರು, "ನಿನ್ನಿಷ್ಟ," ಅಂದರು, ಅಷ್ಟೇ.

ವಿಚಾರಣೆ ನಡೆದದ್ದು ಮಗನ ತುಕಡಿಯ ಪಾಠದ ಹಾಲಿನಲ್ಲಿ. ಮುಂದೆ ಉದ್ದದ ಮೇಜು, ಅದರ ಹಿಂದೆ ಐದು ಅಧಿಕಾರಿಗಳು, ನಡುವೆ ನರೆತ ಕೂದಲಿನ ಕರ್ನಲ್. ಒಂದು ಪಕ್ಕ ಮಗ ಸಮವಸ್ತ್ರದಲ್ಲಿ, ಸೊಂಟದ ಬೆಲ್ಟು ಟೋಪಿ ಎರಡೂ ಇಲ್ಲದೆ, ನೇರ ಎದುರು ನೋಡುತ್ತ ನಿಂತಿದ್ದ. ಬಹಳ ಬಡವಾಗಿದ್ದ. ಸಾರ್ಜೆಂಟರು ಕೋಟು ಹಾಕಿ, ಎದೆಗೆ ಮೂರು ಪದಕ ಚುಚ್ಚಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದರು. ಸೊಸೆ ಅವರಿಂದ ನಾಲ್ಕು ಕುರ್ಚಿ ಬಿಟ್ಟು ಕೂತಳು.

ಮೊದಲು ಹೆಡ್ ಕ್ಲರ್ಕು ಬಂದ. ಸಣ್ಣ ಆಳು, ಅಂಗಿಯ ಕಾಲರು ಸವೆದಿತ್ತು. ಇವನೇ ದುಡ್ಡು ತಿಂದವನು ಎಂದು ಸೊಸೆ ಅವನನ್ನು ಸುಟ್ಟುಬಿಡುವಂತೆ ನೋಡಿದಳು. ಯಾವ ಫೋನೂ ಬಂದಿಲ್ಲ, ಬಂದಿದ್ದರೂ ಫೋನಿನಲ್ಲಿ ರಜೆ ಕೊಡುವ ಅಧಿಕಾರ ತನಗಿಲ್ಲ, ಕಡತದಲ್ಲಿದ್ದ ಹಳೆಯ ವಿಳಾಸಕ್ಕೆ ಎರಡು ಪತ್ರ ಹಾಕಿದ್ದೆ ಎಂದು ಹೇಳಿ ಅವನು ಕೂತ. ಆಮೇಲೆ ಟೈಲರಮ್ಮನನ್ನು ಕರೆದರು.

ಮೇಜರ್ ಮೇಡಂ ಕೇಳಿದ್ದಕ್ಕೆಲ್ಲ ಅವಳು ನೆಟ್ಟಗೆ ಉತ್ತರ ಕೊಟ್ಟಳು. ಗಂಡ ಫೋನು ಮಾಡಿದಂತೆ ನಟಿಸಿದ್ದು, ಅತ್ತ ಕಡೆಯ ದನಿ ಇಲ್ಲದ್ದು, ಇಪ್ಪತ್ತು ದಿನ ಮಂಜೂರು ಅಂದದ್ದು. ಹೇಳುವಾಗ ಗಂಡನ ಕಡೆ ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಸೊಸೆ, "ಅಯ್ಯೋ," ಅಂದದ್ದು ಕೇಳಿಸಿತು.

ಎದುರು ಕಡೆಯ ಅಧಿಕಾರಿ ಚಿಕ್ಕ ವಯಸ್ಸಿನವನು. ಎದ್ದು ಬಂದ.

"ಅಂದ್ರೆ ಫೋನ್ ಸುಳ್ಳು ಅಂತ ನಿಮಗೆ ಆಗಲೇ ಗೊತ್ತಿತ್ತು?"

"ಗೊತ್ತಿತ್ತು ಸಾರ್."

"ನಿಮಗೆ ಗೊತ್ತಾದ್ದು ಪಕ್ಕದಲ್ಲೇ ಕೂತ ಮಗನಿಗೆ ಗೊತ್ತಾಗ್ಲಿಲ್ವಾ? ನಂಬೋ ಮಾತಾ ಇದು? ಅವನಿಗೂ ಅನುಮಾನ ಬಂದಿರಬೇಕಲ್ಲ?"

"ಬಂದಿತ್ತು ಸಾರ್. ಅದಕ್ಕೇ ನನ್ನ ಕೇಳಿದ. ಅಮ್ಮಾ, ನಿಜಾನಾ, ನಿಂತ್ಕೊಳ್ಳಲಾ ಅಂತ. ಅವರಪ್ಪ ಏನಾದ್ರೂ ಜಂಬ ಕೊಚ್ಚಿದ್ರೆ ಚಿಕ್ಕಂದಿನಿಂದ್ಲೂ ಅವನು ನನ್ನನ್ನೇ ಕೇಳೋನು. ನಾನು ಇಲ್ಲ ಅಂದ್ರೆ ಇಲ್ಲ, ಹೂಂ ಅಂದ್ರೆ ಹೂಂ." ಟೈಲರಮ್ಮ ಮೇಜಿನ ಅಂಚು ಹಿಡಿದುಕೊಂಡಳು. "ನಾನು ಹೂಂ ಅಂದೆ. ನಿಂತ್ಕೋ ಅಂದೆ."

"ತಿಳಿದೂ ತಿಳಿದೂ? ಮಗನ ನೌಕರಿಗೆ ಏನಾಗುತ್ತೆ ಅಂತ ಸೈನಿಕನ ಹೆಂಡತಿಯಾದ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್."

"ಮತ್ಯಾಕೆ?"

 ಕರ್ನಲ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಎರಡೂ ಕಣ್ಣು ಕಟ್ಟಿದ್ರು ಸಾರ್. ಇನ್ನು ದೃಷ್ಟಿ ಬರಲ್ವೇನೋ ಅಂತ ಭಯ ಆಗಿತ್ತು. ದಿನಾ ಇವನೇ ತುತ್ತು ಮಾಡಿ ತಿನ್ನಿಸ್ತಿದ್ದ. ಮದುವೆಯಾದಾಗಿನಿಂದ ಮೊದಲು ಗಂಡನ್ನ ಕಳ್ಸಿದೆ, ಆಮೇಲೆ ಮಗನ್ನ ಕಳ್ಸಿದೆ. ರಜೆ ಮುಗಿದ ದಿನ ಬ್ಯಾಗ್ ನಾನೇ ತುಂಬಿ, ಹೋಗು ಅಂತ ನಾನೇ ಹೇಳ್ಬೇಕು. ಪ್ರತಿ ಸಲ ಹೇಳಿದ್ದೀನಿ. ಆ ಒಂದು ಸಲ ಹೋಗು ಅನ್ನೋಕೆ ನಾಲಿಗೆ ಏಳ್ಲಿಲ್ಲ. ಅಷ್ಟೇ ಸಾರ್. ಶಿಕ್ಷೆ ಕೊಡೋದಿದ್ರೆ ಆ ಹೂಂ ಅಂದೋಳಿಗೆ ಕೊಡಿ."

ಚಿಕ್ಕ ಅಧಿಕಾರಿ ಏನೋ ಕೇಳಲು ಹೋಗಿ, ಕಾಗದ ತಿರುಗಿಸಿ, "ಇಷ್ಟೇ," ಎಂದು ಕೂತುಬಿಟ್ಟ. ಎದುರಿಗೇ ನೋಡಬೇಕೆಂಬ ಆಜ್ಞೆಯಲ್ಲಿದ್ದ ಮಗ ಮೊದಲ ಸಲ ಕತ್ತು ತಿರುಗಿಸಿ ಅಮ್ಮನ ಕಡೆ ನೋಡಿದ. ಪಕ್ಕದ ಕಾವಲಿನವನು ಗದರಲಿಲ್ಲ.

ತೀರ್ಪು ಮಧ್ಯಾಹ್ನ ಮೂರಕ್ಕೆ ಬಂತು. ದರ್ಜೆ ತೋರಿಸುವ ತೋಳಿನ ಪಟ್ಟಿ ಒಂದು ಹೋಯಿತು. ಆ ಹತ್ತೊಂಬತ್ತು ದಿನ ಸೇವೆಯ ಲೆಕ್ಕಕ್ಕೆ ಸೇರುವುದಿಲ್ಲ. ನೌಕರಿ ಉಳಿಯಿತು. ಮೇಲಿನವರ ಸಹಿ ಬೀಳಬೇಕು, ಬೀಳುತ್ತದೆ ಎಂದರು ಮೇಜರ್ ಮೇಡಂ. ಕಡಲೆಬೀಜದ ಪೊಟ್ಟಣ ಬಿಚ್ಚಿ ಮೊದಲು ಟೈಲರಮ್ಮನಿಗೇ ಚಾಚಿದರು.

ಹೊರಗೆ ವರಾಂಡದಲ್ಲಿ ಸಾರ್ಜೆಂಟರು ನೇರ ಹೆಡ್ ಕ್ಲರ್ಕನ ಹತ್ತಿರ ಹೋದರು. "ತಪ್ಪಾಯ್ತು ಸಾಹೇಬ್ರೇ. ಇಡೀ ಬೀದೀಲಿ ನಿಮ್ಮನ್ನ ಕಳ್ಳ ಅಂದುಬಿಟ್ಟಿದ್ದೀನಿ," ಅಂದರು. ಮೆಲ್ಲಗೆ ಹೇಳಬೇಕೆಂದೇ ಅಂದುಕೊಂಡಿದ್ದರು; ಕಿವುಡರಿಗೆ ಮೆಲ್ಲಗೆ ಹೇಳಲು ಬರುತ್ತದೆಯೇ? ವರಾಂಡದ ಆ ತುದಿಯವರೆಗೆ ಎಲ್ಲರೂ ತಿರುಗಿ ನೋಡಿದರು. ಹೆಡ್ ಕ್ಲರ್ಕು ಕಡತಗಳನ್ನು ಎದೆಗೆ ಒತ್ತಿಕೊಂಡು, "ಇರ್ಲಿ ಬಿಡಿ," ಎಂದು ನಡೆದುಹೋದ.

ಸೊಸೆ ಮಾತ್ರ ಕಂಬದ ಪಕ್ಕ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಏಳು ವಾರ ಅತ್ತೆ. ಏಳು ವಾರ ನಾನು ಮಾವನಿಗೆ ಬಾಯಿಗೆ ಬಂದಂಗೆ ಬೈದೆ. ಬ್ರೆಡ್ಡು ನಿಲ್ಸಿದೆ, ಬಟ್ಟೆ ಒಗೀಲಿಲ್ಲ. ನೀವು ಪಕ್ಕದಲ್ಲೇ ಕೂತು ಗುಂಡಿ ಹಚ್ತಿದ್ರಿ."

"ಹೌದಮ್ಮಾ," ಅಂದಳು ಟೈಲರಮ್ಮ. 

ಮಗನನ್ನು ಹತ್ತು ನಿಮಿಷ ಬಿಟ್ಟರು. ಅವನು ಹೆಂಡತಿಯ ಹೆಗಲ ಮೇಲೆ ಕೈ ಇಟ್ಟು ಏನೋ ಹೇಳಿದ, ಪುಟ್ಟಿಯನ್ನು ಕೇಳಿದ. ಅಪ್ಪನ ಮುಂದೆ ಒಂದು ಗಳಿಗೆ ನಿಂತ.  ಆಮೇಲೆ ಅಮ್ಮನ ಹತ್ತಿರ ಬಂದ.

"ಯಾಕಮ್ಮಾ ಹೇಳಿದೆ? ಇದು ಬರಬಾರದು ಅಂತಲೇ ನಾನು ಬಾಯಿ ಬಿಟ್ಟಿರಲಿಲ್ಲ."

"ಅಪ್ಪನ ಮರ್ಯಾದೆ ಹೋಗುತ್ತೆ ಅಂತಲಾ?"

"ಅಪ್ಪನದಲ್ಲ." ಮಗ ತಲೆ ತಗ್ಗಿಸಿದ. "ಹೆಡ್ ಕ್ಲರ್ಕು ಫೋನ್ ಬಂದಿಲ್ಲ ಅಂದ ದಿನವೇ ನನಗೆ ಎಲ್ಲ ಅರ್ಥ ಆಯ್ತು. ಅಪ್ಪ ಬಡಾಯಿ ಹೊಡೆದಿದ್ದಾರೆ, ನಿನಗೂ ಗೊತ್ತಿತ್ತು ಅಂತ. ಅಪ್ಪನ ಹೆಸರು ಎತ್ತಿದ್ರೆ, ನೀನು ಯಾರನ್ನ ಕೇಳ್ದೆ ಅಂತ ಮುಂದಿನ ಪ್ರಶ್ನೆ ಬಂದೇ ಬರ್ತಿತ್ತು. ನಿನ್ನನ್ನ ಅಲ್ಲಿ ನಿಲ್ಲಿಸಿ ಹಾಗೆ ಕೇಳೋದನ್ನ ನನ್ನ ಕೈಲಿ ನೋಡೋಕಾಗ್ತಿರಲಿಲ್ಲ. ಅದಕ್ಕಿಂತ ಪಿಂಚಣಿ ಹೋದ್ರೆ ಹೋಗ್ಲಿ ಅಂದ್ಕೊಂಡೆ."

ಟೈಲರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಲ್ಲಿಯವರೆಗೆ ಒಂದು ಹನಿಯೂ ಬಂದಿರಲಿಲ್ಲ. ಈಗ ನಿಲ್ಲಲಿಲ್ಲ, ವರಾಂಡದಲ್ಲಿ ಎಲ್ಲರ ಎದುರೇ ಬಿಕ್ಕಿ ಬಿಕ್ಕಿ ಅತ್ತಳು. ಹೆಂಡತಿ ಮಗಳ ಹೊಟ್ಟೆಪಾಡನ್ನು ಪಕ್ಕಕ್ಕಿಟ್ಟು ಮಗ ಮುಚ್ಚಿಟ್ಟದ್ದು ತನ್ನ ಒಂದು ಹೂಂ ಎಂದು ಅವಳಿಗೆ ಈಗ ತಿಳಿಯಿತು. ಕಂಬದ ಹತ್ತಿರ ನಿಂತ ಸೊಸೆಗೆ ಇದೂ ಕೇಳಿಸಿತ್ತು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಕಾವಲಿನವನು ಗಡಿಯಾರ ನೋಡಿ ಕೆಮ್ಮಿದ.

"ಮುಂದಿನ ತಿಂಗಳು ನಾಲ್ಕು ದಿನ ರಜೆ ಸಿಗಬಹುದು ಅಮ್ಮಾ," ಅಂದ ಮಗ. "ಕೇಳಲಾ? ಬರಲಾ?"

ಸಾರ್ಜೆಂಟರು, ಸೊಸೆ, ಇಬ್ಬರೂ ಟೈಲರಮ್ಮನ ಮುಖ ನೋಡಿದರು. ಅವಳು ಕಣ್ಣು ಒರೆಸಿಕೊಂಡಳು.

"ಅದನ್ನ ನನ್ನ ಕೇಳಬೇಡ ಮಗಾ," ಅಂದಳು. ಸೊಸೆಯ ಕಡೆ ಕೈ ತೋರಿಸಿದಳು. "ಇನ್ಮೇಲೆ ಏನಿದ್ರೂ ಅವಳನ್ನ ಕೇಳು. ನೀನೀಗ ಹೋಗು. ಹೊತ್ತಾಯ್ತು, ಕರೀತಿದ್ದಾರೆ. ಹೋಗು."